ಇಳಿಜಾರಿಗೊಂದು ಸೈಕಲ್

ನನ್ನ ಮಣಿಕಟ್ಟಿನ ಮೂಳೆ ಮುರಿದಿದೆ ಎಂಬುದನ್ನು ಡಾಕ್ಟರಿಗಿಂತ ಮೊದಲು ನೋಡಿದವಳು ನಾನೇ. ಹೆಬ್ಬಾಳದ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಆ ಭಾನುವಾರ ಡ್ಯೂಟಿಯಲ್ಲಿದ್ದ ಹುಡುಗಿ ನನ್ನ ಎಡಗೈಯನ್ನು ಪ್ಲೇಟಿನ ಮೇಲೆ ಮಲಗಿಸಿ, ಬಾಗಿಲು ಹಾಕಿಕೊಂಡು ಆಚೆ ಹೋಗಿ ಗುಂಡಿ ಒತ್ತಿ ಬಂದಳು. ಗಾಜಿನಾಚೆಯ ಪರದೆಯ ಮೇಲೆ ಚಿತ್ರ ಮೂಡಿತು. ಅವಳು ನೋಡಿದಳು, ಏನೂ ಹೇಳಲಿಲ್ಲ. ರೋಗಿಯ ಮುಂದೆ ನಾವು ಏನೂ ಹೇಳಬಾರದು, ಅದು ಡಾಕ್ಟರ ಕೆಲಸ. ಆ ನಿಯಮವನ್ನು ಅವಳಿಗೆ ಕಲಿಸಿದ್ದು ನಾನೇ. ನಾನು ಕತ್ತು ಚಾಚಿ ನೋಡಿದೆ. ಮುಂಗೈಯ ದಪ್ಪ ಮೂಳೆಯ ತುದಿ ಮುರಿದು ಹಿಂದಕ್ಕೆ ವಾಲಿತ್ತು. ಇಂಥ ಸಾವಿರಾರು ಚಿತ್ರಗಳನ್ನು ನಾನು ತೆಗೆದಿದ್ದೆ. ಆದರೆ ಆ ಚಿತ್ರದ ಮೂಲೆಯಲ್ಲಿ ನನ್ನ ಹೆಸರು ಇತ್ತು.

ಬಿದ್ದದ್ದು ಸೈಕಲ್ಲಿನಿಂದ.

ಆಗ ನನಗೆ ಮೂವತ್ತೆಂಟು ವರ್ಷ. ನಮ್ಮ ಎಕ್ಸ್‌ರೇ ಕೋಣೆ ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಕಿಟಕಿ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದರೆ ಸಂಜೆಯವರೆಗೆ ಹೊರಗೆ ಮಳೆಯೋ ಬಿಸಿಲೋ ಗೊತ್ತಾಗುತ್ತಿರಲಿಲ್ಲ; ರೋಗಿಗಳ ಚಪ್ಪಲಿ ಒದ್ದೆಯಾಗಿದ್ದರೆ ಮಳೆ ಅಂದುಕೊಳ್ಳಬೇಕು. ನಮ್ಮಲ್ಲಿ ಮೂಳೆ ಡಾಕ್ಟರೊಬ್ಬರಿದ್ದರು, ಐವತ್ತು ದಾಟಿದ ಹೆಂಗಸು, ಭಾನುವಾರ ಬೆಳಿಗ್ಗೆ ಕಾಡಿನಲ್ಲಿ ಸೈಕಲ್ ಹೊಡೆಯುವ ಹುಚ್ಚು. ಒಂದು ದಿನ ನನ್ನ ಮುಖ ನೋಡಿ, "ಬಿಸಿಲು ಕಂಡು ಎಷ್ಟು ದಿನ ಆಯ್ತೇ ನೀನು? ಭಾನುವಾರ ನನ್ ಜೊತೆ ಬಾ" ಅಂದರು. ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಯಶವಂತಪುರದಿಂದ ನಾಗಸಂದ್ರದವರೆಗೆ ತುಮಕೂರು ರಸ್ತೆಯ ಅಪಾರ್ಟ್‌ಮೆಂಟುಗಳ ಲಿಫ್ಟುಗಳನ್ನು ನೋಡಿಕೊಳ್ಳುತ್ತಾರೆ. ಯಾವುದೋ ಕಟ್ಟಡದ ಕೆಳಗೆ ಧೂಳು ತಿನ್ನುತ್ತಿದ್ದ ಗೇರ್ ಸೈಕಲ್ಲೊಂದನ್ನು, ಮನೆ ಖಾಲಿ ಮಾಡುತ್ತಿದ್ದವರು ಕೊಟ್ಟರು ಅಂತ ತಂದುಕೊಟ್ಟರು. ಅದರ ಮುಂದಿನ ಚಕ್ರದ ಎರಡೂ ಬದಿಗೆ ದಪ್ಪ ಕೊಳವೆಗಳು, ಒಳಗೆ ಸ್ಪ್ರಿಂಗು. ಅಂಗಡಿಯವರು ಅದನ್ನು ಸಸ್ಪೆನ್ಷನ್ ಅನ್ನುತ್ತಾರೆ, ಓಡಿಸುವವರು ಶಾಕ್ ಅನ್ನುತ್ತಾರೆ. ಕಲ್ಲು ಗುಂಡಿ ಏನೇ ಬಂದರೂ ಏಟನ್ನು ಅದೇ ನುಂಗುತ್ತದೆ ಅಂತ ನಾನು ನಂಬಿದೆ.

ಹೆಬ್ಬಾಳದಾಚೆಯ ಸಿಂಗಾಪುರ ಬಡಾವಣೆಯ ನಮ್ಮ ಮನೆಯಿಂದ ಅಟ್ಟೂರು, ಯಲಹಂಕ ನ್ಯೂ ಟೌನ್ ಹಾದು ದೊಡ್ಡಬಳ್ಳಾಪುರ ರಸ್ತೆ ಹಿಡಿದರೆ ಮುಕ್ಕಾಲು ಗಂಟೆಯಲ್ಲಿ ಆವಲಹಳ್ಳಿಯ ನೀಲಗಿರಿ ಕಾಡು ಸಿಗುತ್ತಿತ್ತು. ಕೆಂಪು ಮಣ್ಣಿನ ಕಾಲುದಾರಿಗಳು. ಆರೇಳು ಭಾನುವಾರ ಎಷ್ಟು ಖುಷಿಯಾಗಿದ್ದೆ ಅಂದರೆ, ಸೋಮವಾರ ನೆಲಮಾಳಿಗೆಗೆ ಇಳಿಯುವಾಗಲೂ ಮೂಗಿನಲ್ಲಿ ನೀಲಗಿರಿ ಎಲೆಯ ವಾಸನೆ ಇರುತ್ತಿತ್ತು. ಕಾಡಿನ ಹಿಂಬದಿಯಲ್ಲಿ ಒಂದು ಇಳಿಜಾರಿತ್ತು. ನಾಲ್ಕು ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ಉದ್ದ ಇರಬಹುದು. ನಡುವೆ ಮಳೆ ನೀರು ಕೊರೆದ ಕಾಲುವೆ, ಅದರ ತುಂಬ ಕಲ್ಲು. ಡಾಕ್ಟರ್ ಮೇಡಂ ಸರಾಗವಾಗಿ ಇಳಿದುಹೋದರು. ನಾನು ಹಿಂದೆಯೇ ಹೊರಟೆ. ಅರ್ಧದಲ್ಲಿ ಮುಂದಿನ ಚಕ್ರ ಒಂದು ಕಲ್ಲಿಗೆ ತಾಗಿ ಗೋಡೆಗೆ ಹೊಡೆದಂತೆ ನಿಂತುಬಿಟ್ಟಿತು. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ.

ಪ್ಲಾಸ್ಟರ್ ಆರು ವಾರ. ಪಕ್ಕದ ಬೀದಿಯಲ್ಲಿದ್ದ ಅಮ್ಮ ದಿನಾ ಬಂದು ಅಡುಗೆ ಮಾಡಿಟ್ಟು, ಬೈದು ಹೋಗುತ್ತಿದ್ದಳು. "ಇಂಗೆ ಕಾಡು ಮೇಡು ಅಂತ ಬಿದ್ದು ಬರೋ ವಯಸ್ಸೇನವ್ವ ನಿಂದು? ಕೈ ಒಂದು ಓಯ್ತು, ಕತ್ತು ಓಗಿದ್ರೆ?"

ಕೈ ಕೂಡಿಕೊಂಡಿತು. ಕೂಡಿಕೊಂಡ ಮೇಲೆ ಶುರುವಾಯಿತು ಭಯ. ಬೀಳುವ ಹೊತ್ತಿನಲ್ಲಿ ನನಗೆ ಭಯವೇ ಆಗಿರಲಿಲ್ಲ, ಅಷ್ಟು ಸಮಯವೇ ಇರಲಿಲ್ಲ. ಈಗ ಆ ಇಳಿಜಾರಿನ ನೆತ್ತಿಯಲ್ಲಿ ನಿಂತರೆ ಬಾಯಿ ಒಣಗುತ್ತಿತ್ತು, ಬೆರಳುಗಳು ತಣ್ಣಗಾಗಿ ಬ್ರೇಕ್ ಹಿಡಿಯಲಾರದೆ ಹೋಗುತ್ತಿದ್ದವು. ಮೀನಖಂಡ ತನ್ನಷ್ಟಕ್ಕೆ ನಡುಗುತ್ತಿತ್ತು. ಸೈಕಲ್ ತಳ್ಳಿಕೊಂಡು ನಡೆದು ಇಳಿಯುತ್ತಿದ್ದೆ. ಮೇಡಂ ಕೆಳಗೆ ಕಾಯುತ್ತಿದ್ದರು, ಒಂದು ಮಾತೂ ಆಡುತ್ತಿರಲಿಲ್ಲ. ಅವರು ಮಾತಾಡದಿದ್ದದ್ದೇ ನನಗೆ ಇನ್ನಷ್ಟು ನಾಚಿಕೆ.

ಕಾಡಿನಲ್ಲಿ ಹುಟ್ಟಿದ ಭಯ ಕಾಡಿನಲ್ಲೇ ಉಳಿದಿದ್ದರೆ ಹೇಗೋ ಆಗುತ್ತಿತ್ತು. ಅದು ಮನೆಗೂ ಬಂತು. ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ ಸ್ಕೂಟರಿನ ಹಿಡಿಯನ್ನು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿಯತೊಡಗಿದೆ. ಮನೆಯ ತಾರಸಿ ಮೆಟ್ಟಿಲು ಇಳಿಯಲು ಗೋಡೆ ಬೇಕಾಯಿತು. ಆಸ್ಪತ್ರೆಯಲ್ಲಿ ಕೈ ಮುರಿದುಕೊಂಡು ಬಂದವರನ್ನೆಲ್ಲ ಕೇಳತೊಡಗಿದೆ, "ಹೇಗೆ ಬಿದ್ರಿ?" ಅದು ನಾನು ಕೇಳಬೇಕಾದ ಪ್ರಶ್ನೆಯಲ್ಲ. ಸ್ನಾನದ ಮನೆಯ ಸೋಪು, ಬಸ್ಸಿನ ಫುಟ್‌ಬೋರ್ಡು, ಮಾಗಡಿ ಕಡೆಯ ಮದುವೆಯಲ್ಲಿ ಕುರ್ಚಿಯಿಂದ ಜಾರಿದವರು. ಒಬ್ಬರು ಪ್ರಾಯದ ಹೆಂಗಸು ಸುಮ್ಮನೆ ನಿಂತಲ್ಲೇ ಬಿದ್ದಿದ್ದರಂತೆ. ಆ ದಿನ ನಾನು ಊಟ ಮಾಡಲಿಲ್ಲ.

ಸೈಕಲ್ ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಮತ್ತೆ ವಾರದ ಏಳು ದಿನವೂ ಕೋಣೆಯೊಳಗೇ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ: ಇರುವುದರಲ್ಲೇ ಅತಿ ಹೆಚ್ಚು ಶಾಕ್ ಇರುವ ಸೈಕಲ್ ತೆಗೆದುಕೊಳ್ಳಬೇಕು. ಹಿಂದೆ, ಮುಂದೆ, ಎಲ್ಲಾ ಕಡೆ. ನೆಲದ ಏಟು ಮೈಗೆ ಮುಟ್ಟದಿದ್ದರೆ ಭಯವೂ ಮುಟ್ಟುವುದಿಲ್ಲ ಅಂತ ನನ್ನ ಲೆಕ್ಕ.

ಆರ್.ಟಿ. ನಗರದ ಒಳರಸ್ತೆಯಲ್ಲಿ ಒಂದು ಸೈಕಲ್ ಅಂಗಡಿ ಇತ್ತು. ಅದರ ಯಜಮಾನರು ಅರವತ್ತರ ಆಸುಪಾಸಿನ ಸಾಹೇಬರು, ಬಿಳಿ ಗಡ್ಡ, ಎಣ್ಣೆ ಮೆತ್ತಿದ ಬೆರಳು. ನಾನು ಹಳೆಯ ಸೈಕಲ್ಲಿನಲ್ಲೇ ಹೋಗಿದ್ದೆ. ನನ್ನ ಕಥೆ ಕೇಳಿ ಅವರು ಮೊದಲು ಮಾಡಿದ್ದು ಒಂದು ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಮುಂದಿನ ಶಾಕ್‌ನ ಕೊಳವೆಗೆ ಬಿಗಿದದ್ದು.

"ಈಗ ಹತ್ತಿ ನಿಂತ್ಕೊಳ್ಳಿ ಅಮ್ಮ. ನಿಂತ್ಕೊಂಡು ಕುಣೀರಿ."

ಸೈಕಲ್ ಮೇಲೆ ನಿಂತು, ಹ್ಯಾಂಡಲ್ ಮೇಲೆ ಭಾರ ಹಾಕಿ ನಾಲ್ಕು ಸಲ ಕುಣಿದೆ. ಅವರು ಬಗ್ಗಿ ನೋಡಿದರು. ಸ್ಪ್ರಿಂಗ್ ಕೆಳಗಿಳಿದಿದ್ದರೆ ಪಟ್ಟಿ ಮೇಲಕ್ಕೆ ಜಾರಿರಬೇಕಿತ್ತು. ಅದು ಇಟ್ಟಲ್ಲೇ ಇತ್ತು.

"ಎಷ್ಟು ತೂಕ ಇದೀರಾ?"

"ಐವತ್ತೆರಡು."

"ಇದು ಎಂಬತ್ತು ಕೆಜಿ ಗಂಡಸಿಗೆ ಹಾಕಿರೋ ಸ್ಪ್ರಿಂಗ್ ಅಮ್ಮ. ಮೇಲೆ ತುಕ್ಕು ಬೇರೆ ಹಿಡ್ದಿದೆ. ನಿಮಗೆ ಇದು ಶಾಕ್ ಅಲ್ಲ, ಕಬ್ಬಿಣದ ಸರಳು. ಇದನ್ನ ನಂಬ್ಕೊಂಡು ಕಲ್ಲು ಮೇಲೆ ಹತ್ತಿಸಿದ್ರಾ?"

ಅಷ್ಟು ವಾರ ನಾನು ಏನನ್ನು ನೆಚ್ಚಿಕೊಂಡು ಇಳಿದಿದ್ದೆನೋ ಅದು ಅಲ್ಲಿ ಇರಲೇ ಇಲ್ಲ.

ಒಳಗೆ ಗೋಡೆಯ ಪಕ್ಕ ನಿಲ್ಲಿಸಿದ್ದ ಒಂದನ್ನು ತೋರಿಸಿದೆ. ಮುಂದೆ ದಪ್ಪ ಕೊಳವೆಗಳು, ಸೀಟಿನ ಕೆಳಗೆ ಇನ್ನೊಂದು ಶಾಕ್. ಮುಂದೆ ಹಿಂದೆ ಎರಡೂ ಕಡೆ ನೂರೈವತ್ತು ಮಿಲಿಮೀಟರ್ ಕುಸಿದು ಏಳುತ್ತದೆ, ಅಂದರೆ ಸುಮಾರು ಅರ್ಧ ಅಡಿ.

"ಅದು ಬಂಡೆ ಮೇಲಿಂದ ಹಾರೋರಿಗೆ. ನಿಮಗೆ ಯಾಕಮ್ಮ?"

"ನಂಗೆ ಭಯ ಆಗುತ್ತೆ ಸಾಹೇಬ್ರೇ."

ಅವರು ನಗಲಿಲ್ಲ. ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಸ್ವಲ್ಪ ಯೋಚಿಸಿದರು. "ಅಂಗಡಿ ಮುಂದೆ ಓಡಿಸಿದ್ರೆ ಗೊತ್ತಾಗಲ್ಲ. ಯಾರತ್ರ ಆದ್ರೂ ಇಂಥದ್ದು ಇದ್ರೆ ಒಂದು ಸಲ ಕಾಡಲ್ಲಿ ಓಡ್ಸಿ ನೋಡಿ. ಆಮೇಲೆ ಬನ್ನಿ. ನಾನು ಎಲ್ಲೂ ಹೋಗಲ್ಲ."

ಇಂಥದ್ದು ಡಾಕ್ಟರ್ ಮೇಡಂ ಹತ್ತಿರ ಇತ್ತು. ಕೇಳಿದೆ. "ಅದಕ್ಕೇನಂತೆ, ತಗೋ" ಅಂದರು.

ಮುಂದಿನ ಭಾನುವಾರ ಅವರು ಆವಲಹಳ್ಳಿಯ ಬದಲು ರಾಜಾನುಕುಂಟೆ ದಾಟಿ ಎಡಕ್ಕೆ ಸಿಗುವ ಒಂದು ಕಲ್ಲುಗುಡ್ಡಕ್ಕೆ ಕರೆದೊಯ್ದರು. ಅಲ್ಲಿನ ಇಳಿಜಾರು ಉದ್ದ, ಆದರೆ ಅಷ್ಟು ಕಡಿದಲ್ಲ. ಗುಡ್ಡದ ಒಂದು ಮಗ್ಗುಲನ್ನು ಎಷ್ಟೋ ವರ್ಷದ ಹಿಂದೆ ಕಲ್ಲಿಗಾಗಿ ಕಡಿದು ಬಿಟ್ಟಿದ್ದರು. ಮೇಡಂ ಮೇಲೆ ನಿಂತು ಕೈ ಮಾಡಿ ತೋರಿಸಿದರು.

"ಕೆಳಗೆ ಎರಡು ಬೇವಿನ ಮರ ಕಾಣ್ತಿದೆಯಾ? ಅಲ್ಲಿ ಬಲಕ್ಕೆ ತಿರುಗ್ಬೇಕು. ನೇರ ಹೋದ್ರೆ ಹಳೇ ಕ್ವಾರಿ. ನಾನು ಮೊದ್ಲು ಹೋಗಿ ಮರದ ಹತ್ರ ನಿಂತಿರ್ತೀನಿ. ನೀನು ನಿಧಾನಕ್ಕೆ ಬಾ."

ಅವರು ತಮ್ಮ ಇನ್ನೊಂದು ಹಳೆಯ ಸೈಕಲ್ಲಿನಲ್ಲಿ ಇಳಿದುಹೋದರು. ನಾನು ಅವರ ಒಳ್ಳೆಯ ಸೈಕಲ್ಲಿನ ಮೇಲೆ ಕೂತೆ. ಕೂತ ಕೂಡಲೇ ಅದು ಮೆತ್ತನೆಯ ಸೋಫಾದಂತೆ ನನ್ನನ್ನು ಸ್ವಲ್ಪ ಕೆಳಗೆ ಇಳಿಸಿಕೊಂಡಿತು. ಎಂದಿನಂತೆ ಬಾಯಿ ಒಣಗಿತ್ತು. ಬ್ರೇಕ್ ಸಡಿಲಿಸಿದೆ.

ಮೊದಲ ಕಲ್ಲು ಬಂತು. ಬಂದದ್ದನ್ನು ಕಣ್ಣು ನೋಡಿತು, ಮೈಗೆ ಏನೂ ಗೊತ್ತಾಗಲಿಲ್ಲ. ಎರಡನೆಯದು, ಮೂರನೆಯದು, ಒಂದು ಸಣ್ಣ ಗುಂಡಿ. ಎಲ್ಲವನ್ನೂ ಆ ಸೈಕಲ್ ತನ್ನೊಳಗೇ ನುಂಗಿಕೊಂಡಿತು. ತಿಂಗಳುಗಟ್ಟಲೆ ನನ್ನ ಎದೆಯ ಮೇಲೆ ಕೂತಿದ್ದ ಭಾರ ಯಾರೋ ಎತ್ತಿ ಪಕ್ಕಕ್ಕಿಟ್ಟಂತೆ ಇಳಿಯಿತು. ಗಟ್ಟಿಯಾಗಿ ನಕ್ಕೆ. ಗಾಳಿ ಕಿವಿಯಲ್ಲಿ ಹೊಡೆಯುತ್ತಿತ್ತು. ನನ್ನ ಹಳೆಯ ಸೈಕಲ್ಲಾಗಿದ್ದರೆ ಅಷ್ಟು ವೇಗಕ್ಕೆ ಹಲ್ಲು ಕಟಕಟ ಅಂದು, ಕೈ ಜೋಮು ಹಿಡಿದು, ನಾನೇ ಹೆದರಿ ಬ್ರೇಕ್ ಒತ್ತುತ್ತಿದ್ದೆ. ಇಲ್ಲಿ ಯಾವ ಸೂಚನೆಯೂ ಇರಲಿಲ್ಲ. ಬೇವಿನ ಮರಗಳು ದೂರದಲ್ಲಿದ್ದವು, ಮತ್ತೆ ನೋಡಿದರೆ ಎದುರಿಗೇ ಇದ್ದವು.

ಮರದ ಕೆಳಗೆ ಮೇಡಂ ಕಂಡರು. ಎರಡೂ ಕೈ ಮೇಲೆತ್ತಿದ್ದರು, ಬಾಯಿ ತೆರೆದಿತ್ತು. ಯಾವ ಕೂಗೂ ಕೇಳಿಸಲಿಲ್ಲ. ಎರಡೂ ಬ್ರೇಕ್ ಬಲವಾಗಿ ಒತ್ತಿದೆ. ಹಿಂದಿನ ಚಕ್ರ ಜಲ್ಲಿಯ ಮೇಲೆ ಜಾರಿ ಅಡ್ಡಕ್ಕೆ ತಿರುಗಿತು. ತಿರುವು ನನ್ನ ಬಲಕ್ಕೆ ದಾಟಿಹೋಯಿತು. ಲಾಂಟಾನಾ ಪೊದೆ ಮುಖಕ್ಕೆ ಬಡಿಯಿತು, ಮುಳ್ಳು, ಕಡ್ಡಿ, ಧೂಳು. ಪಕ್ಕಕ್ಕೆ ಬಿದ್ದೆ. ಬಿದ್ದ ಮೇಲೂ ಸೈಕಲ್ಲಿನ ಜೊತೆ ಸ್ವಲ್ಪ ದೂರ ಜಾರಿದೆ. ಆಮೇಲೆ ಜಾರುವುದು ನಿಂತಿತು.

ಕಣ್ಣು ತೆರೆದಾಗ ಮುಂದಿನ ಚಕ್ರ ತಿರುಗುತ್ತಿತ್ತು. ಅದರ ಕೆಳಗೆ ನೆಲ ಇರಲಿಲ್ಲ.

ನನ್ನ ಬಲಗಾಲು ಸೈಕಲ್ಲಿನ ಚೌಕಟ್ಟಿನೊಳಗೆ ಸಿಕ್ಕಿಕೊಂಡಿತ್ತು. ಸೈಕಲ್ಲನ್ನು ಹಿಡಿದಿದ್ದದ್ದು ಒಂದು ಪೊದೆಯ ಬುಡ. ನನ್ನನ್ನು ಹಿಡಿದಿದ್ದದ್ದು ಯಾವುದೋ ತಿಳಿಯದು. ಎದೆಯ ಕೆಳಗಿನಿಂದ ನಾಲ್ಕು ಕಲ್ಲು ಸಡಿಲಗೊಂಡು ಉರುಳಿದವು. ಕಿವಿಗೊಟ್ಟೆ. ಎಷ್ಟೋ ಹೊತ್ತಾದ ಮೇಲೆ ಕೆಳಗೆ ನೀರಿಗೆ ಬಿದ್ದ ಸದ್ದು. ಕತ್ತು ಒಂದಿಷ್ಟೇ ತಿರುಗಿಸಿದೆ. ಚಾಕುವಿನಲ್ಲಿ ಕೊಯ್ದಂತೆ ನೇರ ಇಳಿದ ಬಂಡೆಯ ಗೋಡೆ, ಅದರ ಮೇಲೆ ಸಾಲಾಗಿ ಕೊರೆದ ಗುರುತು, ತಳದಲ್ಲಿ ಪಾಚಿ ಹಸಿರು ನೀರು. ಒಂದು ಕಡೆ ಯಾರೋ ಎಸೆದ ಟಯರ್ ತೇಲುತ್ತಿತ್ತು, ಅದು ಬಳೆಯಷ್ಟು ಚಿಕ್ಕದಾಗಿ ಕಂಡಿತು.

ಉಸಿರು ಎಳೆದುಕೊಂಡರೆ ಎದೆ ಉಬ್ಬುತ್ತದೆ, ಉಬ್ಬಿದರೆ ಇನ್ನೊಂದು ಕಲ್ಲು ಬೀಳುತ್ತದೆ. ಅದಕ್ಕೇ ಉಸಿರೂ ಆಡದೆ ಬಿದ್ದುಕೊಂಡೆ. ಒಂದು ಇರುವೆ ನನ್ನ ಬೆರಳಿನ ಮೇಲೆ ಹತ್ತಿ ಆಚೆ ಇಳಿದು ಅಂಚಿನಿಂದ ಕೆಳಕ್ಕೆ ನಡೆದುಹೋಯಿತು.

"ಅಲ್ಲಾಡ್ಬೇಡ." ಮೇಡಂ ದನಿ, ಬಹಳ ಹತ್ತಿರದಲ್ಲಿ. "ನಾನು ಬಂದಿದೀನಿ. ಅಲ್ಲಾಡ್ಬೇಡ ಕಣೇ."

ಅವರು ಹೊಟ್ಟೆಯ ಮೇಲೆ ತೆವಳಿಕೊಂಡು ಬಂದಿದ್ದರು. ನನ್ನ ಬೆನ್ನಿನ ಚೀಲದ ಪಟ್ಟಿಗೆ ಕೈ ಹಾಕಿ ಸುತ್ತಿಕೊಂಡರು. ಇನ್ನೊಂದು ಕೈಯಲ್ಲಿ ನನ್ನ ಕಾಲನ್ನು ನಿಧಾನವಾಗಿ ಬಿಡಿಸಿದರು. ಆಪರೇಷನ್ ಮಾಡುವ ಬೆರಳುಗಳು, ಒಂದಿಷ್ಟೂ ಅವಸರವಿಲ್ಲ. ಆಮೇಲೆ ಇಬ್ಬರೂ ಹಿಂದಕ್ಕೆ ತೆವಳಿದೆವು, ಒಂದು ಗೇಣು, ಇನ್ನೊಂದು ಗೇಣು, ಮರದ ಬುಡ ಪಾದಕ್ಕೆ ತಾಗುವವರೆಗೆ.

ಅಲ್ಲಿ ಕೂತ ಮೇಲೆ ಅವರಿಗೆ ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಆಗಲಿಲ್ಲ. "ಅಷ್ಟು ಕೂಗಿದ್ನಲ್ಲೇ, ಕೇಳಿಸ್ಲಿಲ್ವಾ?" ಅಂದರು.

"ಇಲ್ಲ ಮೇಡಂ. ಏನೂ ಕೇಳಿಸ್ಲಿಲ್ಲ."

ಅವರು ಬಾಟಲಿಯನ್ನು ಕೆಳಗಿಟ್ಟರು. "ಕೂಗ್ಲೇ ಇಲ್ವೇನೋ. ಕೂಗಿದೆ ಅಂದ್ಕೊಂಡೆ ಅಷ್ಟೇ" ಅಂದರು. ಮೂವತ್ತು ವರ್ಷದಿಂದ ಮುರಿದ ಮೂಳೆ, ರಕ್ತ ನೋಡಿದ ಹೆಂಗಸು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಸೈಕಲ್ಲುಗಳನ್ನು ತಳ್ಳಿಕೊಂಡೇ ದೊಡ್ಡಬಳ್ಳಾಪುರ ರಸ್ತೆಗೆ ಬಂದೆವು. ಇಬ್ಬರಿಗೂ ಹತ್ತಲು ಧೈರ್ಯವಾಗಲಿಲ್ಲ. ಒಂದು ಗೂಡ್ಸ್ ಆಟೋ ಹಿಡಿದು ಮನೆ ಸೇರಿದೆವು.

ಗೀರುಗಳನ್ನು ಕಂಡು ಗಂಡ ಕೇಳಿದಾಗ ಮುಳ್ಳಿನ ಪೊದೆ ಅಂದೆ. ಸುಳ್ಳಲ್ಲ. ಆದರೆ ಉಳಿದದ್ದನ್ನು ಹೇಳಲು ನಾಲ್ಕು ದಿನ ಬೇಕಾಯಿತು. ಬೆಳಿಗ್ಗೆ ಅವರು ಕೆಲಸಕ್ಕೆ ಹೊರಟು ಶೂ ಹಾಕಿಕೊಳ್ಳುತ್ತಿದ್ದಾಗ, ಅವರ ಮುಖ ಕಾಣದ ಹೊತ್ತು ನೋಡಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ಕಟ್ಟಿದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದರು. ಎದ್ದು ನಿಂತು, "ಇವತ್ತು ನಿಂಗೆ ಮಧ್ಯಾಹ್ನದ ಡ್ಯೂಟಿ ಅಲ್ವಾ? ಒಂದು ಗಂಟೆ ನನ್ ಜೊತೆ ಬಾ" ಅಂದರು.

ಗೊರಗುಂಟೆಪಾಳ್ಯದ ಹತ್ತಿರದ ಒಂದು ಅಪಾರ್ಟ್‌ಮೆಂಟಿಗೆ ಕರೆದುಕೊಂಡು ಹೋದರು. ಲಿಫ್ಟನ್ನು ಮೇಲಿನ ಮಹಡಿಯಲ್ಲಿ ನಿಲ್ಲಿಸಿ, ಸ್ವಿಚ್ ಆರಿಸಿ, ಯಾರೂ ಮತ್ತೆ ಹಾಕದಂತೆ ಸ್ವಿಚ್ ಬೋರ್ಡಿಗೆ ಬೀಗ ಹಾಕಿದರು. ಮತ್ತೆ ಹೋಗಿ ಆ ಬೀಗವನ್ನು ಎಳೆದು ನೋಡಿದರು. ಆಮೇಲೆ ಕೆಳಗಿನ ಬಾಗಿಲನ್ನು ತಮ್ಮ ಕೀಲಿಯಿಂದ ತೆರೆದರು. ಹದಿನೇಳು ವರ್ಷದ ದಾಂಪತ್ಯದಲ್ಲಿ ಅವರ ಕೆಲಸದ ಜಾಗವನ್ನು ನಾನು ಕಂಡದ್ದು ಅದೇ ಮೊದಲು. ಬಾಗಿಲಾಚೆ ಆಳೆತ್ತರದ ಗುಂಡಿ. ತಳದಲ್ಲಿ ಎಣ್ಣೆ ಜಿಡ್ಡು, ನಡುವೆ ನನ್ನ ಸೊಂಟದಷ್ಟು ದಪ್ಪದ ಸ್ಪ್ರಿಂಗು.

"ಅದು ಯಾಕಿದೆ ಗೊತ್ತಾ?"

"ಲಿಫ್ಟ್ ಬಿದ್ರೆ ತಡೆಯೋಕೆ."

"ಎಲ್ರೂ ಹಂಗೇ ಅಂದ್ಕೊಂಡಿರೋದು. ಮೇಲಿಂದ ಬಿದ್ರೆ ಅದ್ರ ಕೈಲಿ ಏನೂ ಆಗಲ್ಲ ಕಣೇ. ಕೆಳಗಡೆ ಬಂದು ನಿಲ್ಲೋವಾಗ ಒಂಚೂರು ಜಾಸ್ತಿ ಇಳಿದ್ರೆ ಅಷ್ಟಕ್ಕೆ ಅದು. ಬೀಳ್ದೇ ಇರೋ ಹಂಗೆ ನೋಡ್ಕೊಳ್ಳೋದು ಹಗ್ಗ, ಬ್ರೇಕು."

ಆ ಕತ್ತಲ ಗುಂಡಿಯನ್ನು ನೋಡುತ್ತ ನನಗೆ ಹಸಿರು ನೀರು ನೆನಪಾಗಿ ಗೋಡೆ ಹಿಡಿದುಕೊಂಡೆ. ಅವರು ಬಾಗಿಲು ಮುಚ್ಚಿದರು.

"ನಂಗೂ ಹಂಗೇ ಆಗುತ್ತೆ," ಅಂದರು.

"ಏನು?"

"ಕಾಲು. ಗುಂಡಿಗೆ ಇಳಿಯೋವಾಗ ಪ್ರತಿ ಸಲ ನಡುಗುತ್ತೆ. ತಲೆ ಮೇಲೆ ಲಿಫ್ಟು ನೇತಾಡ್ತಿರುತ್ತಲ್ಲ. ಇಪ್ಪತ್ತು ವರ್ಷ ಆಯ್ತು, ಇನ್ನೂ ಹೋಗಿಲ್ಲ. ಹೋಗಿದ್ದಿದ್ರೆ ಆ ಬೀಗ ಎರಡನೇ ಸಲ ಎಳೆದು ನೋಡ್ತಿರ್ಲಿಲ್ಲ."

ನಾನು ಅವರ ಮುಖ ನೋಡಿದೆ. ಇಪ್ಪತ್ತು ವರ್ಷದಿಂದ ದಿನಾ ಹೆದರುತ್ತ ಕೆಲಸಕ್ಕೆ ಹೋಗಿ ಬರುವ ಮನುಷ್ಯನ ಪಕ್ಕದಲ್ಲಿ ಹದಿನೇಳು ವರ್ಷ ಮಲಗಿ ಎದ್ದರೂ ನನಗದು ತಿಳಿದೇ ಇರಲಿಲ್ಲ.

"ಯಾಕ್ರೀ ಹೇಳ್ಲಿಲ್ಲ ಇಷ್ಟು ದಿನ?"

"ಹೇಳೋಕೇನಿದೆ ಅದ್ರಲ್ಲಿ." ಬೀಗ ತೆಗೆಯಲು ತಿರುಗಿದರು. "ಸೈಕಲ್ ಬಿಟ್ಬಿಡು ಅಂತ ಹೇಳೋಕೇ ಕರ್ಕೊಂಡ್ ಬಂದೆ. ಈಗ ಹೇಳೋಕಾಗ್ತಿಲ್ಲ."

ಎರಡು ತಿಂಗಳು ನಾನು ಸೈಕಲ್ ಮುಟ್ಟಲಿಲ್ಲ. ಮೇಡಂ ಕೂಡ ಆ ಮಾತು ಎತ್ತಲಿಲ್ಲ. ಕಾರಿಡಾರಿನಲ್ಲಿ ಸಿಕ್ಕರೆ ಎಕ್ಸ್‌ರೇಯ ವಿಷಯ, ರೋಗಿಯ ವಿಷಯ, ಅಷ್ಟೇ. ನಾನೇ ಒಂದು ದಿನ ಹೋಗಿ, ಬೇರೆ ಸೈಕಲ್ ತಗೋತೀನಿ ಅಂದೆ. ಅವರು ಕನ್ನಡಕ ತೆಗೆದು, "ತಗೋ. ಆದ್ರೆ ಇನ್ಮೇಲೆ ನಿಂಗೆ ದಾರಿ ತೋರ್ಸೋ ಧೈರ್ಯ ನಂಗಿಲ್ಲ. ಜೊತೆಗೆ ಬರ್ತೀನಿ, ಹಿಂದುಗಡೆ" ಅಂದರು.

ಆರ್.ಟಿ. ನಗರಕ್ಕೆ ಈ ಸಲ ಗಂಡನೂ ಬಂದರು. ಸಾಹೇಬರು ನನ್ನ ಗೀರು ಉಳಿದಿದ್ದ ಕೆನ್ನೆ ನೋಡಿದರು. "ಹಿಂದೆ ಶಾಕ್ ಬೇಡ ಅಮ್ಮ," ಅಂದರು. "ಹಿಂದಿನ ಚಕ್ರದಿಂದ ನೆಲ ಮಾತಾಡ್ಬೇಕು. ಅದು ನಿಂತೋದ್ರೆ ಎಷ್ಟು ಜೋರಾಗಿ ಹೋಗ್ತಿದೀರಾ ಅಂತ ಗೊತ್ತಾಗಲ್ಲ. ನುರಿತವ್ರು ಕಣ್ಣಲ್ಲೇ ಅಳೀತಾರೆ. ನಿಮಗೆ ಇನ್ನೂ ಮೈಯಲ್ಲಿ ಗೊತ್ತಾಗ್ಬೇಕು. ಮುಂದೆ ಮಾತ್ರ ಹಾಕೋಣ. ಎಷ್ಟು ಅಂತ ನೋಡೋಣ."

ಮುಂದೆ ಮಾತ್ರ ಶಾಕ್ ಇರುವ ಮೂರು ಸೈಕಲ್ ಹೊರಗೆ ತಂದರು. ಒಂದು ನೂರು ಮಿಲಿಮೀಟರ್ ಕುಸಿಯುವುದು, ಒಂದು ನೂರಿಪ್ಪತ್ತು, ಇನ್ನೊಂದು ನೂರನಲವತ್ತು. ಮೂರರೊಳಗೂ ಸ್ಪ್ರಿಂಗಿನ ಬದಲು ಗಾಳಿ. ನನ್ನ ತೂಕಕ್ಕೆ ಸರಿಯಾಗಿ ಒಂದು ಪುಟ್ಟ ಪಂಪಿನಿಂದ ಗಾಳಿ ತುಂಬಿದರು. ನಾನು ಹತ್ತಿ ಕೂತೆ, ಗಂಡ ಸೀಟು ಹಿಡಿದು ನಿಂತರು. ಸುಮ್ಮನೆ ಕೂತಾಗಲೇ ಕುಸಿತದ ಐದರಲ್ಲೊಂದು ಭಾಗ ಇಳಿಯಬೇಕಂತೆ. ಹೆಚ್ಚು ಇಳಿದರೆ ಸ್ವಲ್ಪ ಗಾಳಿ ತುಂಬುವರು, ಇಳಿಯದಿದ್ದರೆ ಬಿಡುವರು. ಅಂಗಡಿಯ ಹಿಂದಿನ ಬೀದಿಯನ್ನು ಕೇಬಲಿಗೋ ಪೈಪಿಗೋ ಅಗೆದು ಹಾಗೇ ಬಿಟ್ಟಿದ್ದರು. ಅಲ್ಲಿ ಓಡಿಸಿಕೊಂಡು ಬನ್ನಿ ಅಂದರು.

ಅಗೆದ ಬೀದಿಯಲ್ಲೂ ನನಗೆ ಭಯವೇ. ನೂರನಲವತ್ತರದ್ದು ಬ್ರೇಕ್ ಒತ್ತಿದಾಗ ಮುಂದಕ್ಕೆ ಮುಗ್ಗರಿಸಿದಂತೆ ತಗ್ಗಿತು. ಆ ತಗ್ಗುವಿಕೆಗೆ ಕ್ವಾರಿಯ ಅಂಚು ಕಣ್ಣಮುಂದೆ ಬಂದು ಅಲ್ಲೇ ಇಳಿದುಬಿಟ್ಟೆ. ನೂರರದ್ದು ಗಟ್ಟಿಯಾಗಿತ್ತು, ನಾಲ್ಕನೇ ಗುಂಡಿಗೆ ಕೂಡಿಕೊಂಡ ಮಣಿಕಟ್ಟು ಚುಳ್ಳೆಂದಿತು. ನೂರಿಪ್ಪತ್ತರದ್ದನ್ನು ಮೂರು ಸಲ ಹೋಗಿ ಬಂದೆ.

"ಕಲ್ಲು ಗೊತ್ತಾಗ್ತಿದೆಯಾ?" ಸಾಹೇಬರು ಕೇಳಿದರು.

"ಗೊತ್ತಾಗ್ತಿದೆ."

"ಕೈ ನೋವು?"

"ಇಲ್ಲ."

"ಭಯ?"

"ಇದೆ."

"ಇರ್ಲಿ. ಅದನ್ನ ನಾನು ಬಿಚ್ಚೋಕಾಗಲ್ಲ," ಅಂತ ಪಂಪನ್ನು ಗೂಡಿನಲ್ಲಿಟ್ಟರು. ಅದನ್ನೇ ತೆಗೆದುಕೊಂಡೆವು.

ಆವಲಹಳ್ಳಿಯ ಇಳಿಜಾರಿಗೆ ಮೂವರೂ ಹೋದೆವು. ಗಂಡ ಸ್ಕೂಟರಿನಲ್ಲಿ ಬಂದು, ನಡೆದು ಇಳಿದು, ಕೆಳಗೆ ನಿಂತರು. ಮೊದಲ ಭಾನುವಾರ ನೆತ್ತಿಯಲ್ಲಿ ಅರ್ಧ ಗಂಟೆ ನಿಂತು ನಡೆದೇ ಇಳಿದೆ. ಎರಡನೆಯ ಭಾನುವಾರ ಅರ್ಧದವರೆಗೆ ಬಂದು, ಆ ಕಾಲುವೆ ಕಂಡ ಕೂಡಲೇ ಸೈಕಲ್ಲನ್ನು ಪಕ್ಕಕ್ಕೆ ಒಗೆದು ನೆಲದ ಮೇಲೆ ಕೂತು ಅತ್ತೆ. ಅದಾದ ಮೇಲೆ ಬರುವುದು ಬೇಡ ಅಂದುಕೊಂಡಿದ್ದೆ. ಮೂರನೆಯ ಭಾನುವಾರ ಯಾಕೆ ಹೋದೆನೋ ಈಗಲೂ ಹೇಳಲಾರೆ. ಗಂಡ ನನಗಿಂತ ಮೊದಲೇ ಎದ್ದು ಸ್ಕೂಟರ್ ಹೊರಗೆ ತೆಗೆದಿದ್ದರು, ಅದಕ್ಕೇ ಇರಬೇಕು.

ನೆತ್ತಿಯಲ್ಲಿ ಬೆರಳು ತಣ್ಣಗಾದವು. ಬಾಯಿ ಒಣಗಿತು. ಮೀನಖಂಡ ನಡುಗತೊಡಗಿತು. ಹಿಂದಿನಿಂದ ಮೇಡಂ ಉಸಿರಾಟ ಕೇಳಿಸುತ್ತಿತ್ತು. ಸೀಟಿನಿಂದ ಎದ್ದು, ಭಾರವನ್ನು ಹಿಂದಕ್ಕೆ ಹಾಕಿ, ಬ್ರೇಕನ್ನು ಒಂದೊಂದೇ ಬೆರಳಿನಿಂದ ಸಡಿಲಿಸಿದೆ.

ಈ ಸೈಕಲ್ ನನ್ನನ್ನು ಯಾವುದರಿಂದಲೂ ಮರೆಮಾಡಲಿಲ್ಲ. ಹಿಂದಿನ ಚಕ್ರ ಪ್ರತಿ ಕಲ್ಲನ್ನೂ ಪಾದಕ್ಕೆ ತಲುಪಿಸಿತು. ಪೆಡಲ್ ನಡುಗಿದಾಗ ಜೋರಾಯಿತು ಅಂತ ತಿಳಿಯುತ್ತಿತ್ತು, ಬ್ರೇಕ್ ಒಂದಿಷ್ಟು ಹಿಡಿಯುತ್ತಿದ್ದೆ, ನಡುಕ ಇಳಿಯುತ್ತಿತ್ತು. ಕಾಲುವೆ ಬಂತು. ನನ್ನನ್ನು ಎಸೆದ ಕಲ್ಲು ಅದೇನಾ, ಪಕ್ಕದ್ದಾ, ಗೊತ್ತಾಗಲಿಲ್ಲ. ಮುಂದಿನ ಚಕ್ರ ಅದರ ಮೇಲೆ ಏರಿತು, ಕೊಳವೆಗಳು ಒಳಕ್ಕೆ ಸರಿದವು, ಚಕ್ರ ಆಚೆ ಇಳಿಯಿತು. ಕೈಗೆ ಒಂದು ಮೆತ್ತನೆಯ ತಳ್ಳು ಬಂತು, ಅಷ್ಟೇ. ಹೃದಯ ಮಾತ್ರ ಕಿವಿಯಲ್ಲಿ ಹೊಡೆದುಕೊಳ್ಳುತ್ತಿತ್ತು. ಒಂದು ಕ್ಷಣವೂ ಅದು ನಿಲ್ಲಲಿಲ್ಲ. ಇನ್ನೂ ಸ್ವಲ್ಪ ಕಲ್ಲು, ಆಮೇಲೆ ಮರಳು ಮಣ್ಣು, ಆಮೇಲೆ ಸಮತಟ್ಟು.

ಕಾಲು ಊರಿ ನಿಂತೆ. ಉಸಿರು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಗಂಡನ ಕಡೆ ನೋಡಿದೆ. ಅವರು ಒಂದು ನೀಲಗಿರಿ ಮರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ನಾನು ಬರುತ್ತಿದ್ದ ದಾರಿಗೆ ಮುಖ ಮಾಡಿ, ಎರಡೂ ಕಣ್ಣನ್ನು ಬಿಗಿಯಾಗಿ ಮುಚ್ಚಿ ನಿಂತಿದ್ದರು.

"ಆಯ್ತಾ?" ಅಂತ ಕೇಳಿದರು, ಕಣ್ಣು ತೆರೆಯದೆ.

"ಆಯ್ತು ಕಣ್ರೀ."

"ಎಲ್ಲಾ ಸರಿ ಇದೆಯಾ?"

"ಇದೆ. ಕಣ್ಣು ಬಿಡಿ."

ಅವರು ತಕ್ಷಣ ಬಿಡಲಿಲ್ಲ. ಮೇಲಿನಿಂದ ಮೇಡಂ ಸೈಕಲ್ಲಿನ ಸದ್ದು ಇಳಿದು ಬರುತ್ತಿತ್ತು. "ಇರು, ಅವ್ರೂ ಬಂದ್ಬಿಡ್ಲಿ," ಅಂದರು.